ಮುಷ್ಟಿ ಬಿಗಿದ ಕೈಗೆ ನಿಟಿನಾಲ್ ತಂತಿಯ ಗ್ಲೌಸ್ ಹಾಕಬಹುದೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವರ್ಷ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಈಗ ಕೋಲು ಹಿಡಿದು ಓಡಾಡುತ್ತಾರೆ, ಮಾತೂ ಬಹುಮಟ್ಟಿಗೆ ಸರಿಹೋಗಿದೆ. ಆದರೆ ಬಲಗೈ ಬೆರಳುಗಳು ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ನಡೆಯುವಾಗ ಮುಷ್ಟಿ ಇನ್ನೂ ಬಿಗಿಯಾಗುತ್ತದೆ. ನಾವು ನಿಧಾನವಾಗಿ ಬಿಡಿಸಿದರೆ ಬಿಚ್ಚಿಕೊಳ್ಳುತ್ತವೆ. ಆ ಕೈಗೆ ಬಿಸಿ, ತಣ್ಣಗೆ ಸರಿಯಾಗಿ ತಿಳಿಯುವುದಿಲ್ಲ. ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ನಿಟಿನಾಲ್ ಎಂಬ ಮಿಶ್ರಲೋಹದ ತಂತಿಯಿಂದ ಮಾಡಿದ ರೊಬಾಟಿಕ್ ಗ್ಲೌಸ್‌ಗಳ ವಿಡಿಯೋ ನೋಡಿ, ಅದನ್ನೇ ಪ್ರಾಜೆಕ್ಟ್ ಮಾಡಿ ತಂದೆಯವರಿಗೂ ಹಾಕಬಹುದೆಂದು 0.5 ಮಿ.ಮೀ. ದಪ್ಪದ ಒಂದು ಮೀಟರ್ ತಂತಿ ತರಿಸಿದೆ. ಬಾಗಿಸಿ ಬಿಸಿನೀರಿಗೆ ಹಾಕಿದರೆ ನೆಟ್ಟಗಾಗುತ್ತಿತ್ತು. ಸ್ನೇಹಿತರಿಗೆ ತೋರಿಸಲು ಕೆಲವು ಸಲ ಲೈಟರ್‌ನಿಂದ ಕಾಯಿಸಿದ ಮೇಲೆ ಈಗ ಅರ್ಧಂಬರ್ಧ ಮಾತ್ರ ನೆಟ್ಟಗಾಗುತ್ತದೆ. 9 ವೋಲ್ಟ್ ಬ್ಯಾಟರಿ ಜೋಡಿಸಿದರೆ ಏನೂ ಆಗುವುದಿಲ್ಲ, ಬೆಸುಗೆಯೂ ಹಿಡಿಯುವುದಿಲ್ಲ. ಈ ತಂತಿ ನಿಜಕ್ಕೂ ಕೃತಕ ಸ್ನಾಯುವೇ? ತಂದೆಯವರ ಕೈಗೆ ಕಟ್ಟಬಹುದೇ? ಅದರಲ್ಲಿರುವ ನಿಕಲ್‌ನಿಂದ ಚರ್ಮಕ್ಕೆ ತೊಂದರೆ ಇದೆಯೇ? ಸಿಲಿಕೋನ್‌ನಿಂದ ಮಾಡಿ ಗಾಳಿ ತುಂಬುವ ಬೆರಳುಗಳು ಇದಕ್ಕಿಂತ ಉತ್ತಮವೇ? ಇಂಥ ಸಾಧನದಿಂದ ಕೈ ಮೊದಲಿನಂತಾಗುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ತಡಮಾಡದೆ ಉತ್ತರ ಹೇಳಬೇಕು. ವಿದ್ಯುತ್ತಿನಿಂದ ಕಾಯುವ ನಿಟಿನಾಲ್ ತಂತಿಯನ್ನು ನಿಮ್ಮ ತಂದೆಯವರ ಕೈಯ ಮೇಲೆ ಕಟ್ಟಬೇಡಿ. ಪ್ರಾಜೆಕ್ಟ್‌ಗಾಗಿ ಮೇಜಿನ ಮೇಲೆ ಅದರೊಂದಿಗೆ ಕೆಲಸ ಮಾಡುವುದಕ್ಕೆ ಅಡ್ಡಿಯಿಲ್ಲ, ಅದರಿಂದ ಕಲಿಯುವುದೂ ಬಹಳಷ್ಟಿದೆ. ಆದರೆ ಆ ಕೈಗೆ ಬೇಕಾಗಿರುವುದು ಬೇರೆ ಸಾಧನ. ಹಾಗೇಕೆ ಎನ್ನುವುದನ್ನು ತಂತಿಯಿಂದಲ್ಲ, ಕೈಯಿಂದಲೇ ಆರಂಭಿಸಿ ಹೇಳುತ್ತೇನೆ. ನಿಟಿನಾಲ್‌ನಂಥ ಚತುರ (ಸ್ಮಾರ್ಟ್) ವಸ್ತುಗಳ ಕೆಲಸದಲ್ಲಿ ತೊಡಗಿರುವ ನಾವೆಲ್ಲ ವಸ್ತುವನ್ನು ಮೊದಲು ಆರಿಸಿಕೊಂಡು ಅದಕ್ಕೆ ತಕ್ಕ ಉಪಯೋಗವನ್ನು ಆಮೇಲೆ ಹುಡುಕುವ ಅಭ್ಯಾಸಕ್ಕೆ ಬೀಳುತ್ತೇವೆ. ರೋಗಿಯ ಕೈ ಎದುರಿಗಿರುವಾಗ ಆ ಕ್ರಮ ತಿರುಗಬೇಕು.

ಪಾರ್ಶ್ವವಾಯುವಿನ ನಂತರ ಕೈ ಕೆಲಸ ಮಾಡುವುದಿಲ್ಲ ಎಂದರೆ ಅದಕ್ಕೆ ಶಕ್ತಿಯೇ ಇಲ್ಲ ಎಂದು ನಾವು ತಿಳಿಯುತ್ತೇವೆ. ನಿಮ್ಮ ವಿವರಣೆಯಲ್ಲಿ ಕಾಣುವುದು ಅದಲ್ಲ. ಬೆರಳುಗಳನ್ನು ಮಡಿಸುವ ಸ್ನಾಯುಗಳು ಮೆದುಳಿನ ಹಿಡಿತ ತಪ್ಪಿ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿವೆ, ಬಿಚ್ಚುವ ಸ್ನಾಯುಗಳು ದುರ್ಬಲವಾಗಿವೆ. ವೈದ್ಯರು ಸ್ಪಾಸ್ಟಿಸಿಟಿ ಎಂದು ಕರೆಯುವ ಈ ಸೆಟೆತದಿಂದಾಗಿಯೇ ಎದ್ದು ನಡೆಯುವ ಶ್ರಮಕ್ಕೆ ಮುಷ್ಟಿ ಇನ್ನಷ್ಟು ಬಿಗಿಯುತ್ತದೆ. ಹಾಗಾಗಿ ನಿಮ್ಮ ತಂದೆಯವರಿಗೆ ಬೇಕಾಗಿರುವುದು ಹಿಡಿಯಲು ನೆರವಾಗುವ ಗ್ಲೌಸ್ ಅಲ್ಲ, ಬಿಡಲು ನೆರವಾಗುವ ಗ್ಲೌಸ್. ವಿಡಿಯೋಗಳಲ್ಲಿ ಕಾಣುವ ಸಾಧನಗಳಲ್ಲಿ ಬಹುಪಾಲು ಬೆರಳನ್ನು ಮಡಿಸಿ ಲೋಟವನ್ನೋ ಚೆಂಡನ್ನೋ ಹಿಡಿದು ತೋರಿಸುವಂಥವು. ಅವುಗಳನ್ನು ನಕಲು ಮಾಡಿದರೆ ಈಗಾಗಲೇ ಬಿಗಿದಿರುವ ಮುಷ್ಟಿಯನ್ನು ಇನ್ನೂ ಬಿಗಿದಂತಾಗುತ್ತದೆ.

ಸೆಟೆತದ ಇನ್ನೊಂದು ಗುಣವನ್ನು ಎಂಜಿನಿಯರ್ ಆಗಿ ನೀವು ಮುಖ್ಯವಾಗಿ ಗಮನಿಸಬೇಕು. ಅದು ವೇಗವನ್ನು ಅವಲಂಬಿಸಿರುತ್ತದೆ. ಬೆರಳನ್ನು ಥಟ್ಟನೆ ಎಳೆದರೆ ಸ್ನಾಯು ಪ್ರತಿಯಾಗಿ ಬಿಗಿದುಕೊಳ್ಳುತ್ತದೆ, ನಿಧಾನವಾಗಿ ಎಳೆದರೆ ಅಷ್ಟು ಪ್ರತಿರೋಧ ಬರುವುದಿಲ್ಲ. ನೀವು ಮೆಲ್ಲಗೆ ಬಿಡಿಸಿದಾಗ ಬೆರಳು ಬಿಚ್ಚಿಕೊಳ್ಳುವುದು ಇದೇ ಕಾರಣಕ್ಕೆ, ಮತ್ತು ಅದು ಒಳ್ಳೆಯ ಸೂಚನೆಯೂ ಹೌದು. ಎಷ್ಟೇ ನಿಧಾನವಾಗಿ ಬಿಡಿಸಿದರೂ, ನಿದ್ದೆಯಲ್ಲಿದ್ದಾಗಲೂ, ಬೆರಳು ಒಂದು ಹಂತದಲ್ಲಿ ಗಟ್ಟಿಯಾಗಿ ನಿಂತುಬಿಟ್ಟರೆ ಸ್ನಾಯು ಮತ್ತು ಸ್ನಾಯುರಜ್ಜುಗಳೇ ಮೊಟಕಾಗಿವೆ ಎಂದು ಅರ್ಥ. ಅಂಥ ಕೈಯನ್ನು ಯಂತ್ರದಿಂದ ಬಿಚ್ಚಲು ಹೋದರೆ ಕೀಲಿಗೆ ಪೆಟ್ಟಾಗುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಕೈ ಮುಟ್ಟಿ ನೋಡಿಯೇ ಹೇಳಬೇಕು. ಸಾಧನದ ಮೊದಲ ಸ್ಕೆಚ್ ಹಾಕುವ ಮುನ್ನ ಈ ಪರೀಕ್ಷೆ ಆಗಿರಬೇಕು.

ಇನ್ನು ನಿಮ್ಮ ತಂತಿಯ ವಿಚಾರ. ಆಕಾರ ನೆನಪಿಡುವ ಗುಣವನ್ನು ಹೋಲುವ ವರ್ತನೆ ಚಿನ್ನ ಮತ್ತು ಕ್ಯಾಡ್ಮಿಯಂ ಮಿಶ್ರಲೋಹದಲ್ಲಿ 1932ರಲ್ಲೇ ಕಂಡುಬಂದಿತ್ತು. ಅಮೆರಿಕದ ನೌಕಾಪಡೆಯ ಆರ್ಡ್‌ನೆನ್ಸ್ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಮತ್ತು ಅವರ ಸಹೋದ್ಯೋಗಿಗಳು 1960ರ ಆಸುಪಾಸಿನಲ್ಲಿ ನಿಕಲ್ ಮತ್ತು ಟೈಟೇನಿಯಂ ಮಿಶ್ರಣದಲ್ಲಿ ಅದನ್ನು ಕಂಡ ಮೇಲೆ ಈ ಗುಣ ಬಳಕೆಗೆ ಬಂತು. ಎರಡು ಲೋಹಗಳ ಮತ್ತು ಆ ಪ್ರಯೋಗಾಲಯದ ಮೊದಲಕ್ಷರಗಳು ಸೇರಿ ನಿಟಿನಾಲ್ ಆಯಿತು. ತಣ್ಣಗಿರುವಾಗ ಅದರ ಹರಳುಗಳು ಮಾರ್ಟೆನ್ಸೈಟ್ ಎಂಬ ಜೋಡಣೆಯಲ್ಲಿರುತ್ತವೆ, ಆಗ ತಂತಿಯನ್ನು ಸುಲಭವಾಗಿ ಎಳೆಯಬಹುದು, ಬಾಗಿಸಬಹುದು. ಬಿಸಿಯಾದಾಗ ಅವು ಆಸ್ಟೆನೈಟ್ ಎಂಬ ಇನ್ನೊಂದು ಜೋಡಣೆಗೆ ಮರಳುತ್ತವೆ, ಹಾಗೆ ಮರಳುವಾಗ ಕಾರ್ಖಾನೆಯಲ್ಲಿ ಶಾಖ ಕೊಟ್ಟು ನಿಗದಿ ಮಾಡಿದ ಆಕಾರವೂ ಬಲದೊಂದಿಗೆ ಮರಳುತ್ತದೆ. ಸ್ಮಾರ್ಟ್ ಎಂಬ ವಿಶೇಷಣದಿಂದಾಗಿ ಈ ತಂತಿ ತಾನಾಗಿ ಏನನ್ನೋ ಗ್ರಹಿಸಿ ನಿರ್ಧರಿಸುತ್ತದೆ ಎಂಬ ಕಲ್ಪನೆ ಹಬ್ಬಿದೆ. ಅದು ಉಷ್ಣತೆಗೆ ಪ್ರತಿಕ್ರಿಯಿಸುತ್ತದೆ, ಅಷ್ಟೇ. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎನ್ನುವುದನ್ನೆಲ್ಲ ನಿಮ್ಮ ಸರ್ಕ್ಯೂಟ್ ನಿರ್ಧರಿಸಬೇಕು.

ನಿಮ್ಮ ತಂತಿ ಕೆಟ್ಟಿದ್ದು ಲೈಟರ್‌ನಿಂದ. ಇಂಥ ತಂತಿಗೆ ಹೊಸ ಆಕಾರ ಕಲಿಸಲು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಇಡುತ್ತಾರೆ. ಲೈಟರ್‌ನ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ತಂತಿ ಎಲ್ಲಿ ಕೆಂಪಗಾಯಿತೋ ಅಲ್ಲಿ ಹಳೆಯ ಆಕಾರದ ನೆನಪು ಅಳಿಸಿ, ತಯಾರಿಕೆಯಲ್ಲಿ ಎಳೆದು ಗಟ್ಟಿಗೊಳಿಸಿದ ರಚನೆಯೂ ಸಡಿಲಗೊಂಡಿರುತ್ತದೆ. ಜ್ವಾಲೆ ತಾಗಿದ ಭಾಗ ಒಂದು ಬಗೆಯಾಗಿ, ತಾಗದ ಭಾಗ ಇನ್ನೊಂದು ಬಗೆಯಾಗಿ ವರ್ತಿಸುವುದರಿಂದ ನಿಮಗೆ ಅರ್ಧಂಬರ್ಧ ಎಂದು ಕಾಣುತ್ತಿದೆ. ಆ ಭಾಗಗಳನ್ನು ಕತ್ತರಿಸಿ ತೆಗೆಯುವುದೇ ಸರಿ. ಬ್ಯಾಟರಿಯ ಕಥೆ ಇನ್ನೂ ಸರಳ: 0.5 ಮಿ.ಮೀ. ತಂತಿ ಒಂದು ಸೆಕೆಂಡಿನಲ್ಲಿ ಕಾಯಬೇಕಾದರೆ ಸುಮಾರು 4 ಆಂಪಿಯರ್ ಹರಿಯಬೇಕು, ಅಂಗಡಿಯಲ್ಲಿ ಸಿಗುವ ಚಿಕ್ಕ 9 ವೋಲ್ಟ್ ಬ್ಯಾಟರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಬೆಸುಗೆ ಹಿಡಿಯದಿರುವುದಕ್ಕೆ ಮೇಲ್ಮೈಯಲ್ಲಿರುವ ಟೈಟೇನಿಯಂ ಆಕ್ಸೈಡ್ ಪದರ ಕಾರಣ. ಇದನ್ನು ಕ್ರಿಂಪ್ ಮಾಡಿಯೇ ಜೋಡಿಸಬೇಕು. ನಮ್ಮ ಪ್ರಯೋಗಾಲಯದಲ್ಲಿ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮೊದಲು ಕೊಡುವ ಕೆಲಸವೇ ಇದು: ಹಿತ್ತಾಳೆಯ ಸಣ್ಣ ಕೊಳವೆಯೊಳಗೆ ತಂತಿಯನ್ನು ಮಡಿಸಿ ತೂರಿಸಿ, ಇಕ್ಕಳದಿಂದ ಒತ್ತಿ, ಕೆಳಗೆ ತೂಕ ನೇತುಹಾಕಿ, ಹತ್ತಾರು ಸಲ ಕಾಯಿಸಿ ಆರಿಸಿ ನೋಡುವುದು. ತಂತಿ ತುಂಡಾಗುವುದಕ್ಕಿಂತ ಬಹಳ ಮೊದಲೇ ಕ್ರಿಂಪ್‌ನೊಳಗೆ ಅದು ಕೂದಲೆಳೆಯಷ್ಟು ಜಾರಿರುತ್ತದೆ. ಆ ಜಾರುವಿಕೆಯನ್ನು ತಂತಿಯ ದೋಷವೆಂದು ಬರೆದುಕೊಂಡ ವರದಿಗಳನ್ನು ನಾನು ಎಷ್ಟೋ ಓದಿದ್ದೇನೆ.

ಬಿಸಿನೀರಿನಲ್ಲಿ ನೀವು ನೋಡಿದ ಚಲನೆಯೂ ಗ್ಲೌಸ್‌ಗೆ ಬೇಕಾದ ಚಲನೆಯೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬಾಗಿದ ತಂತಿ ನೆಟ್ಟಗಾಗುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ದೊರೆಯುವ ಬಲ ಕಡಿಮೆ. ಎಳೆಯುವ ಬಲ ಬೇಕೆಂದರೆ ತಂತಿಯನ್ನು ಉದ್ದಕ್ಕೆ ಎಳೆದು ಹಿಡಿದು, ಕಾಯಿಸಿದಾಗ ಅದು ಕುಗ್ಗುವಂತೆ ಮಾಡಬೇಕು. ಆಗ ಬಲ ಚೆನ್ನಾಗಿ ಬರುತ್ತದೆ, ಚಲನೆ ಮಾತ್ರ ಉದ್ದದ ಶೇಕಡ 4ರ ಸುಮಾರಿಗೆ ನಿಲ್ಲುತ್ತದೆ. ಶೇಕಡ 8ರವರೆಗೂ ಎಳೆಯಬಹುದು ಎಂದು ಪುಸ್ತಕಗಳಲ್ಲಿರುತ್ತದೆ, ಆದರೆ ಸಾವಿರಾರು ಸಲ ಕೆಲಸ ಮಾಡಬೇಕಾದ ತಂತಿಯನ್ನು ಅಷ್ಟು ಎಳೆದರೆ ಅದು ಬೇಗನೆ ಸೋಲುತ್ತದೆ. ಬಾವಿಯ ಹಗ್ಗ ಎಳೆಯಬಲ್ಲದೇ ಹೊರತು ತಳ್ಳಲಾರದು. ಈ ತಂತಿಯೂ ಹಾಗೆಯೇ, ಆರಿದ ಮೇಲೆ ಅದನ್ನು ಮತ್ತೆ ಉದ್ದಕ್ಕೆ ಎಳೆಯಲು ಸ್ಪ್ರಿಂಗ್ ಅಥವಾ ಎದುರು ತೂಕ ಇರಲೇಬೇಕು.

ಈ ಅಂಕಿಗಳನ್ನು ಬೆರಳಿನ ಮೇಲಿಟ್ಟು ಲೆಕ್ಕ ಹಾಕೋಣ. ಮುಷ್ಟಿಯಿಂದ ಪೂರ್ತಿ ಬಿಚ್ಚುವವರೆಗೆ ಒಂದು ಬೆರಳಿನ ಮೂರು ಗೆಣ್ಣುಗಳು ಸೇರಿ ಸುಮಾರು 260 ಡಿಗ್ರಿ ತಿರುಗುತ್ತವೆ. ಬೆರಳಿನ ಮೇಲ್ಬದಿಯಲ್ಲಿ ಹಾಯುವ ಎಳೆ ಗೆಣ್ಣಿನ ನಡುವಿನಿಂದ 10 ಮಿ.ಮೀ. ದೂರದಲ್ಲಿದೆ ಎಂದುಕೊಂಡರೆ ಅದನ್ನು 45 ಮಿ.ಮೀ. ಎಳೆಯಬೇಕಾಗುತ್ತದೆ. ಶೇಕಡ 4ರಷ್ಟು ಮಾತ್ರ ಕುಗ್ಗುವ ತಂತಿಯಿಂದ 45 ಮಿ.ಮೀ. ಪಡೆಯಲು ಒಂದೊಂದು ಬೆರಳಿಗೂ 1.1 ಮೀಟರ್ ತಂತಿ ಬೇಕು. 0.25 ಮಿ.ಮೀ. ದಪ್ಪದ ತಂತಿ ಬಳಸಿದರೆ ಅದರ ಎಳೆತ ಸುಮಾರು 890 ಗ್ರಾಂ ತೂಕದಷ್ಟು, ಅಂದರೆ ಹೆಚ್ಚುಕಡಿಮೆ 9 ನ್ಯೂಟನ್. ಬುಡದ ಗೆಣ್ಣಿನಿಂದ ಬೆರಳ ತುದಿ 8-9 ಸೆಂ.ಮೀ. ದೂರದಲ್ಲಿರುವುದರಿಂದ ತುದಿಯಲ್ಲಿ ಉಳಿಯುವ ಬಲ ಒಂದು ನ್ಯೂಟನ್‌ನಷ್ಟೇ. ಅಷ್ಟಕ್ಕೇ ಒಂದು ಆಂಪಿಯರ್ ವಿದ್ಯುತ್ತು, 20 ವೋಲ್ಟ್, ಕಾಯುವ ಹೊತ್ತಿನಲ್ಲಿ ಬೆರಳೊಂದಕ್ಕೆ 20 ವ್ಯಾಟ್ ಶಾಖ. ಐದು ಬೆರಳಿಗೆ 100 ವ್ಯಾಟ್. ಅದರಲ್ಲಿ ಚಲನೆಯಾಗಿ ಮಾರ್ಪಡುವುದು ಶೇಕಡ 5ಕ್ಕೂ ಕಡಿಮೆ. ದಪ್ಪ ತಂತಿಗೆ ಹೋದರೆ ಬಲ ಹೆಚ್ಚುತ್ತದೆ, ಆದರೆ ಆರುವ ಹೊತ್ತು ಬೆಳೆಯುತ್ತದೆ: ನಿಂತ ಗಾಳಿಯಲ್ಲಿ 0.25 ಮಿ.ಮೀ. ತಂತಿ ಐದು ಸೆಕೆಂಡಿನ ಸುಮಾರಿನಲ್ಲಿ ಆರಿದರೆ ನಿಮ್ಮ 0.5 ಮಿ.ಮೀ. ತಂತಿಗೆ 15 ಸೆಕೆಂಡಿನ ಹತ್ತಿರ ಬೇಕು. ಬಟ್ಟೆಯೊಳಗೆ ಹೊಲಿದರೆ ಇನ್ನೂ ಹೆಚ್ಚು. ಸ್ಪ್ರಿಂಗ್‌ನಂತೆ ಸುತ್ತಿದರೆ ಚಲನೆ ಹೆಚ್ಚುತ್ತದೆ ಎಂದು ನೀವು ಓದಿರಬಹುದು. ಹೌದು, ಆದರೆ ಅದೇ ಪ್ರಮಾಣದಲ್ಲಿ ಬಲ ಇಳಿಯುತ್ತದೆ.

ಆದ್ದರಿಂದ ಕೃತಕ ಸ್ನಾಯು ಎಂಬ ಹೆಸರು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ತನ್ನ ತೂಕಕ್ಕೆ ಹೋಲಿಸಿದರೆ ಈ ತಂತಿಯ ಎಳೆತ ನಮ್ಮ ಸ್ನಾಯುವಿಗಿಂತ ಬಹಳ ಹೆಚ್ಚು. ಆದರೆ ಕುಗ್ಗುವ ಪ್ರಮಾಣದಲ್ಲಿ, ಮತ್ತೆ ಸಡಿಲಗೊಳ್ಳುವ ವೇಗದಲ್ಲಿ, ಶಕ್ತಿಯ ಮಿತವ್ಯಯದಲ್ಲಿ ಅದು ಸ್ನಾಯುವಿನ ಹತ್ತಿರ ಸುಳಿಯುವುದಿಲ್ಲ. ಸಣ್ಣ ಚಲನೆ, ಹೆಚ್ಚು ಬಲ, ಕಡಿಮೆ ಜಾಗ, ಶಬ್ದ ಇರಬಾರದು ಎನ್ನುವ ಕಡೆ ಅದಕ್ಕೆ ಸಾಟಿಯಿಲ್ಲ. ಮುಷ್ಟಿ ಬಿಚ್ಚುವ ಕೆಲಸ ಆ ಪಟ್ಟಿಗೆ ಸೇರುವುದಿಲ್ಲ.

ಇಷ್ಟೆಲ್ಲ ಒಗ್ಗಿಸಿಕೊಂಡು ಯಾರಾದರೂ ಗ್ಲೌಸ್ ಮಾಡಿದರೂ ಅದನ್ನು ನಿಮ್ಮ ತಂದೆಯವರಿಗೆ ಹಾಕಬಾರದು ಎನ್ನಲು ಕಾರಣ ಬೇರೆಯೇ ಇದೆ. ಎಳೆಯುವ ಕೆಲಸಕ್ಕೆಂದು ಮಾರುವ ನಿಟಿನಾಲ್ ತಂತಿಗಳು ಸಾಮಾನ್ಯವಾಗಿ 70 ಅಥವಾ 90 ಡಿಗ್ರಿಗೆ ಕೆಲಸ ಮಾಡುತ್ತವೆ. 60 ಡಿಗ್ರಿಯ ಲೋಹ ಐದು ಸೆಕೆಂಡು ಚರ್ಮಕ್ಕೆ ತಾಗಿದರೆ ಸುಡುತ್ತದೆ, 70 ಡಿಗ್ರಿಗೆ ಒಂದು ಸೆಕೆಂಡು ಸಾಕು. ಬರೀ 44 ಡಿಗ್ರಿ ಕೂಡ ಗಂಟೆಗಟ್ಟಲೆ ತಾಗಿಕೊಂಡಿದ್ದರೆ ಗಾಯ ಮಾಡುತ್ತದೆ. ಆರೋಗ್ಯವಂತರು ಬಿಸಿ ತಾಗಿದೊಡನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ಕೈಗೆ ಬಿಸಿ ತಿಳಿಯುವುದಿಲ್ಲ ಎಂದು ನೀವೇ ಬರೆದಿದ್ದೀರಿ; ಬೊಬ್ಬೆ ಎದ್ದಿರುವುದು ಅವರಿಗೆ ಗೊತ್ತಾಗುವುದು ಗ್ಲೌಸ್ ಬಿಚ್ಚಿದ ಮೇಲೆಯೇ. ಟೆಫ್ಲಾನ್ ಕೊಳವೆಯೊಳಗೆ ತಂತಿ ಹಾಯಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಎಲ್ಲವೂ ಸರಿಯಿರುವಾಗ ಸಾಕು. ಆದರೆ ತಂತಿಗೆ ವಿದ್ಯುತ್ತು ಬಿಡುವ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಕೆಟ್ಟಾಗ ಸಾಮಾನ್ಯವಾಗಿ ಅದು ಆನ್ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ಪ್ರೋಗ್ರಾಮ್ ಏನೇ ಹೇಳಿದರೂ ತಂತಿ ಕಾಯುತ್ತಲೇ ಹೋಗುತ್ತದೆ. ಮಗ ಕಾಲೇಜಿನಲ್ಲಿದ್ದಾಗ, ಮನೆಯಲ್ಲಿ ಒಬ್ಬರೇ ಇರುವ ವ್ಯಕ್ತಿ ಒಂದೇ ಕೈಯಿಂದ ಬಿಗಿಯಾದ ಗ್ಲೌಸ್ ಕಳಚಬೇಕಾಗಿ ಬಂದರೆ ಹೇಗಿರುತ್ತದೆ ಎಂದು ಯೋಚಿಸಿ. ಈ ಅಪಾಯವನ್ನು ಹಗುರವಾಗಿ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿಕಲ್ ವಿಷಯದಲ್ಲಿ ನಿಮ್ಮ ಆತಂಕ ಅಷ್ಟು ದೊಡ್ಡದಲ್ಲ. ತೂಕದಲ್ಲಿ ಶೇಕಡ 55ರಷ್ಟು ನಿಕಲ್ ಇದ್ದರೂ ಮೇಲಿನ ಟೈಟೇನಿಯಂ ಆಕ್ಸೈಡ್ ಪದರ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ರಕ್ತನಾಳದೊಳಗೆ ಇಡುವ ಸ್ಟೆಂಟ್‌ಗಳಲ್ಲೂ, ಹಲ್ಲಿನ ಕ್ಲಿಪ್ಪಿನ ತಂತಿಗಳಲ್ಲೂ ಇದೇ ಮಿಶ್ರಲೋಹವಿದೆ. ನಕಲಿ ಆಭರಣ, ಬೆಲ್ಟಿನ ಬಕಲ್ ತಾಗಿ ತುರಿಕೆ ಬರುವವರು ಮಾತ್ರ ಎಚ್ಚರದಿಂದಿರಬೇಕು.

ಹಲ್ಲಿನ ತಂತಿಯ ಮಾತು ಬಂದದ್ದರಿಂದ, ಮಾರಾಟಗಾರರು ಸ್ಪಷ್ಟವಾಗಿ ಹೇಳದ ಒಂದು ಸಂಗತಿ ತಿಳಿದಿರಲಿ. ನಿಟಿನಾಲ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ತಂತಿಗಳು ಸಿಗುತ್ತವೆ. ನಿಕಲ್ ಪ್ರಮಾಣ ಶೇಕಡ 0.1ರಷ್ಟು ಹೆಚ್ಚಾದರೂ ಮಾರ್ಟೆನ್ಸೈಟ್ ಆಸ್ಟೆನೈಟ್ ಆಗುವ ರೂಪಾಂತರದ ಉಷ್ಣತೆ ಹತ್ತು ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇಳಿಯುತ್ತದೆ. ಆ ಉಷ್ಣತೆ ಕೋಣೆಯ ಉಷ್ಣತೆಗಿಂತ ಕೆಳಗಿರುವಂತೆ ಮಾಡಿದ ತಂತಿ ಸೂಪರ್ ಇಲಾಸ್ಟಿಕ್ ಆಗುತ್ತದೆ: ಕಾಯಿಸುವ ಅಗತ್ಯವೇ ಇಲ್ಲ, ಸಾಕಷ್ಟು ಬಾಗಿಸಿದರೂ ಬಿಟ್ಟೊಡನೆ ಸ್ಪ್ರಿಂಗ್‌ನಂತೆ ಹಿಂದಿರುಗುತ್ತದೆ. ಉಕ್ಕಿನ ಸ್ಪ್ರಿಂಗ್ ಬಾಗಿದಷ್ಟೂ ಬಲ ಏರುತ್ತಲೇ ಹೋದರೆ ಇದರಲ್ಲಿ ಒಂದು ಹಂತದ ನಂತರ ಬಲ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಸೆಟೆದ ಬೆರಳಿಗೆ ಈ ಗುಣ ಹೇಳಿಮಾಡಿಸಿದಂತಿದೆ, ಏಕೆಂದರೆ ಮುಷ್ಟಿ ಪೂರ್ತಿ ಮಡಿಸಿದಾಗಲೂ ಬೆರಳನ್ನು ವಿಪರೀತ ಜೋರಾಗಿ ಎಳೆಯುವುದಿಲ್ಲ. ಆದ್ದರಿಂದ ನಿಟಿನಾಲ್ ಅನ್ನು ಬಿಡಲು ಮನಸ್ಸಿಲ್ಲದಿದ್ದರೆ ನೀವು ನೋಡಬೇಕಾದ ಮೊದಲ ಆಯ್ಕೆ ಇದೇ: ಬ್ಯಾಟರಿ ಇಲ್ಲದ, ಬಿಸಿ ಇಲ್ಲದ, ಸೂಪರ್ ಇಲಾಸ್ಟಿಕ್ ತಂತಿಯೇ ಬೆರಳನ್ನು ಸದಾ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ಎಳೆದಿಡುವ ಪಟ್ಟಿ. ತಂದೆಯವರು ತಮ್ಮ ಶಕ್ತಿಯಿಂದ ಹಿಡಿಯುತ್ತಾರೆ, ತಂತಿ ಬಿಡಿಸುತ್ತದೆ. ಇದರ ಕೊರತೆಯೆಂದರೆ, ಬೆರಳು ಮಡಿಸುವ ಶಕ್ತಿ ಅವರ ಸ್ವಾಧೀನದಲ್ಲಿ ಒಂದಿಷ್ಟಾದರೂ ಇದ್ದರೆ ಮಾತ್ರ ಪ್ರಯೋಜನ, ಮತ್ತು ಒಂದು ದಿನದ ಬಿಗಿತಕ್ಕೆ ಸರಿಹೊಂದಿಸಿದ ಬಲ ಇನ್ನೊಂದು ದಿನಕ್ಕೆ ಕಡಿಮೆಯೋ ಹೆಚ್ಚೋ ಆಗುತ್ತದೆ. ಬಲವನ್ನು ಅತಿಯಾಗಿ ಇಟ್ಟರೆ ಬೆರಳಿನ ಬುಡದ ಗೆಣ್ಣು ಹಿಂದಕ್ಕೆ ಬಾಗುತ್ತದೆ, ಅದನ್ನು ತಡೆಯಲು ಗಟ್ಟಿಯಾದ ಅಡ್ಡಪಟ್ಟಿ ಇರಬೇಕು.

ಗಾಳಿಯ ದಾರಿ ಇದಕ್ಕಿಂತ ಹೆಚ್ಚು ಸಾಧ್ಯತೆಯುಳ್ಳದ್ದು, ಮತ್ತು ನನ್ನ ಒಲವು ಇರುವುದೂ ಆ ಕಡೆಗೇ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬನ್ ಪೋಲಿಯೋದಿಂದ ಕೈ ಸ್ವಾಧೀನ ಕಳೆದುಕೊಂಡ ತಮ್ಮ ಮಗಳಿಗಾಗಿ, ರಬ್ಬರ್ ನಾಳದ ಮೇಲೆ ಹೆಣೆದ ಬಲೆ ಹೊದಿಸಿ ಗಾಳಿ ತುಂಬಿದರೆ ಕುಗ್ಗುವ ಸ್ನಾಯುವನ್ನು ರೂಪಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರಿದೆ. ಅದು ತನ್ನ ಉದ್ದದ ಕಾಲುಭಾಗದಷ್ಟು ಕುಗ್ಗುತ್ತದೆ, ಅಂದರೆ 45 ಮಿ.ಮೀ. ಚಲನೆಗೆ 18 ಸೆಂ.ಮೀ. ಸಾಕು, ಮುಂಗೈ ಮೇಲೆ ಹಾಯಾಗಿ ಕೂರುತ್ತದೆ. 2010ರ ನಂತರ ಹಾರ್ವರ್ಡ್‌ನ ಸಂಶೋಧಕರು ಒಳಗೆ ಸಾಲು ಕೋಣೆಗಳಿರುವ ಸಿಲಿಕೋನ್ ಬೆರಳುಗಳನ್ನು ಮಾಡಿ ತೋರಿಸಿದ ಮೇಲೆ ಮೆತ್ತನೆಯ ವಸ್ತುಗಳಿಂದ ಯಂತ್ರ ಮಾಡುವ ಸಾಫ್ಟ್ ರೊಬಾಟಿಕ್ಸ್ ವಿದ್ಯೆ ವಿದ್ಯಾರ್ಥಿಗಳ ಕೈಗೆ ಬಂತು. ಅಂಥ ಸಿಲಿಕೋನ್ ಬೆರಳನ್ನು ನೀವು ಖಂಡಿತ ಎರಕ ಹೊಯ್ಯಬಹುದು, ಆದರೆ ಲ್ಯಾಟೆಕ್ಸ್ ಗ್ಲೌಸ್ ಹಾಕಿಕೊಂಡು ಕಲಸಬೇಡಿ. ಅದರಲ್ಲಿನ ಗಂಧಕ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದನ್ನು ತಡೆದು ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ರೆಸಿನ್ ಬಳಸುವ 3ಡಿ ಪ್ರಿಂಟರ್‌ನಲ್ಲಿ ಮಾಡಿದ ಅಚ್ಚುಗಳಲ್ಲೂ ಹೀಗಾಗುತ್ತದೆ. ಆದರೂ ನೆನಪಿರಲಿ, ಈ ಬೆರಳುಗಳು ಗಾಳಿ ತುಂಬಿದಾಗ ಮಡಿಯುತ್ತವೆ. ನಿಮಗೆ ಬೇಕಾದದ್ದು ಅದರ ವಿರುದ್ಧ.

ಬಿಚ್ಚುವ ಕೆಲಸಕ್ಕೆ ಸಿಲಿಕೋನ್‌ಗಿಂತ ಟಿ.ಪಿ.ಯು. ಎಂಬ ಪ್ಲಾಸ್ಟಿಕ್ ಲೇಪಿಸಿದ ನೈಲಾನ್ ಬಟ್ಟೆ ಸೂಕ್ತ. ಅಂಚುಗಳನ್ನು ಇಸ್ತ್ರಿಪೆಟ್ಟಿಗೆಯಿಂದಲೇ ಬೆಸೆಯಬಹುದು. ಚಪ್ಪಟೆ ಚೀಲವೊಂದನ್ನು ಅಂಗೈ ಮತ್ತು ಮಡಿಸಿದ ಬೆರಳುಗಳ ನಡುವೆ ತೂರಿಸಿ ಗಾಳಿ ತುಂಬಿದರೆ ಬೆರಳುಗಳು ಒಟ್ಟಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಪಂಪಿಗಾಗಿ ಹುಡುಕುವ ಮೊದಲು ಬಿ.ಪಿ. ನೋಡುವ ಉಪಕರಣದ ರಬ್ಬರ್ ಬಲ್ಬು, ಗಾಳಿ ಬಿಡುವ ತಿರುಪು ಮತ್ತು ಗಡಿಯಾರದಂಥ ಮಾಪಕವನ್ನು ಬಳಸಿ ನೋಡಿ. 100 ಮಿ.ಮೀ. ಪಾದರಸದ ಒತ್ತಡವೆಂದರೆ 13.3 ಕಿಲೋಪಾಸ್ಕಲ್, ಹತ್ತು ಚದರ ಸೆಂಟಿಮೀಟರ್ ಮೇಲೆ ಅದು 13 ನ್ಯೂಟನ್ ಬಲ ಕೊಡುತ್ತದೆ. ತಂತಿಯ ಒಂದು ನ್ಯೂಟನ್‌ಗೆ ಹೋಲಿಸಿ ನೋಡಿ. ತಂದೆಯವರು ಎಡಗೈಯಿಂದ ಬಲ್ಬು ಒತ್ತಿದರೆ ಬಲಗೈ ಬಿಚ್ಚುತ್ತದೆ, ತಿರುಪು ಸಡಿಲಿಸಿದರೆ ನಿಲ್ಲುತ್ತದೆ. ವೇಗವೂ ಬಲವೂ ಅವರದೇ ಹಿಡಿತದಲ್ಲಿರುವುದು ಇದರ ದೊಡ್ಡ ಅನುಕೂಲ, ಸೆಟೆತಕ್ಕೆ ಬೇಕಾದ ನಿಧಾನವೂ ಇದರಲ್ಲಿ ತಾನಾಗಿ ಬರುತ್ತದೆ.

ಅಪಾಯಗಳು ಇಲ್ಲಿಯೂ ಇವೆ. ವಿದ್ಯುತ್ ಪಂಪು ಜೋಡಿಸಿ ಒತ್ತಡವನ್ನು 50 ಕಿಲೋಪಾಸ್ಕಲ್‌ಗೆ ಏರಿಸಿದರೆ ಅದೇ ಚೀಲ 50 ನ್ಯೂಟನ್, ಅಂದರೆ ಐದು ಕಿಲೋ ತೂಕದಷ್ಟು ತಳ್ಳುತ್ತದೆ, ಅದು ಸಣ್ಣ ಗೆಣ್ಣುಗಳಿಗೆ ಅತಿಯಾಯಿತು. ನಿಗದಿತ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇಲ್ಲದೆ ಪಂಪು ಜೋಡಿಸಲೇಬೇಡಿ, ಆ ವಾಲ್ವ್ ಯಾಂತ್ರಿಕವಾಗಿರಲಿ, ಪ್ರೋಗ್ರಾಮನ್ನು ನಂಬಿದ್ದಾಗಿರಬಾರದು. ಒತ್ತಡದಲ್ಲಿರುವ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದ ಕಾರಣ ಚೀಲವನ್ನು ತುಂಬಿದ ಸ್ಥಿತಿಯಲ್ಲಿ ಬಿಟ್ಟು ಹೋಗಬಾರದು. ತುಂಬಿಸಿ, ಕೆಲವು ಸೆಕೆಂಡು ಹಿಡಿದು, ಬಿಡಬೇಕು. ಮೊದಮೊದಲು ಹತ್ತು ನಿಮಿಷದ ಬಳಕೆಯ ನಂತರ ತೆಗೆದು ಚರ್ಮ ನೋಡಿ: ಕೆಂಪಾದ ಜಾಗ ಅರ್ಧ ಗಂಟೆಯೊಳಗೆ ಮಾಸದಿದ್ದರೆ ಚೀಲದ ಆಕಾರ ಬದಲಿಸಬೇಕು. ಚೀಲ ಹಾಕುವಾಗ ಬೆರಳುಗಳೊಂದಿಗೆ ಗುದ್ದಾಡದೆ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಮಡಿಸುವ ಸ್ನಾಯುರಜ್ಜುಗಳು ಸಡಿಲವಾಗಿ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಥೆರಪಿಸ್ಟ್‌ಗಳು ದಿನವೂ ಮಾಡುವುದು ಇದನ್ನೇ. ಕೈ ಊದಿದ್ದರೆ ಅಥವಾ ಮುಟ್ಟಿದರೆ ನೋವಿದ್ದರೆ ವೈದ್ಯರು ನೋಡುವವರೆಗೆ ಏನನ್ನೂ ಹಾಕಬೇಡಿ.

ಮೂರನೆಯ ದಾರಿ ಮೋಟಾರು ಮತ್ತು ಎಳೆ. ಸೈಕಲ್ ಬ್ರೇಕ್ ಕೇಬಲ್‌ನಂತೆ ಹೊರಕವಚದೊಳಗೆ ಹಾಯುವ ಎಳೆಗಳನ್ನು ಸೊಂಟದ ಬಳಿ ಇಟ್ಟ ಮೋಟಾರು ಎಳೆಯುತ್ತದೆ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಗ್ಲೌಸ್‌ಗಳು ಈ ಬಗೆಯವು. ಚಲನೆ ನಿಖರ, ಬಿಸಿ ಇಲ್ಲ. ಆದರೆ ಎಳೆ ಬೆರಳಿನ ನಡುಗೆರೆಯಿಂದ ಸ್ವಲ್ಪ ಸರಿದರೂ ಬೆರಳು ತಿರುಚಿಕೊಳ್ಳುತ್ತದೆ. ಹೊರಗಿನ ಎಳೆತಕ್ಕೆ ಹಿಂದಕ್ಕೆ ತಿರುಗದ ವರ್ಮ್ ಗೇರ್ ಇರುವ ಮೋಟಾರನ್ನು ಹಾಕಿದರೆ ಕರೆಂಟು ಹೋದಾಗ ಕೈ ಹಾಗೆಯೇ ಸಿಕ್ಕಿಕೊಳ್ಳುತ್ತದೆ. ಎಡಗೈಯಿಂದ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ ಇಲ್ಲದೆ ಇದನ್ನು ಯೋಚಿಸಲೇಬಾರದು.

ಕೈ ಮೊದಲಿನಂತಾಗುತ್ತದೆಯೇ ಎಂಬ ಪ್ರಶ್ನೆಯನ್ನು ನೀವು ಕೊನೆಗಿಟ್ಟಿದ್ದೀರಿ. ಯಾವ ಗ್ಲೌಸ್ ಕೂಡ ತಾನಾಗಿ ಕೈಯನ್ನು ಗುಣಪಡಿಸುವುದಿಲ್ಲ. ಬ್ರಿಟನ್ನಿನಲ್ಲಿ 770 ಮಂದಿ ಪಾರ್ಶ್ವವಾಯು ಪೀಡಿತರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರಾಟುಲ್ಸ್ ಎಂಬ ದೊಡ್ಡ ಅಧ್ಯಯನದಲ್ಲಿ, ರೊಬಾಟ್ ನೆರವಿನ ತೋಳಿನ ತರಬೇತಿ ಪಡೆದವರ ಕೈ ಮಾಮೂಲಿ ಚಿಕಿತ್ಸೆ ಪಡೆದವರ ಕೈಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಂಡುಬರಲಿಲ್ಲ. ನನ್ನ ಕ್ಷೇತ್ರದವರಿಗೆ ಇದು ಹಿತವಾದ ಸುದ್ದಿಯಲ್ಲ, ಆದರೂ ನಿಮ್ಮಂಥವರಿಗೆ ಅದನ್ನು ಹೇಳದಿರುವುದು ಸರಿಯಲ್ಲ. ಚೇತರಿಕೆಯ ಬಹುಭಾಗ ಮೊದಲ ಮೂರರಿಂದ ಆರು ತಿಂಗಳಲ್ಲಿ ಆಗುತ್ತದೆ; ಆಮೇಲೂ ಸುಧಾರಣೆ ಸಾಧ್ಯ, ಆದರೆ ನಿಧಾನವಾಗಿ, ಮತ್ತು ಕೈಯನ್ನು ನಿಜವಾದ ಕೆಲಸಗಳಿಗೆ ಮತ್ತೆ ಮತ್ತೆ ಬಳಸಿದಷ್ಟೂ. ಅಂಗೈ ಸ್ವಚ್ಛವಾಗಿಡುವುದು, ಉಗುರು ಚುಚ್ಚದಂತೆ ನೋಡಿಕೊಳ್ಳುವುದು, ಕೀಲುಗಳು ಮರಗಟ್ಟದಂತೆ ತಡೆಯುವುದು, ಅಭ್ಯಾಸದ ಹೊತ್ತಿನಲ್ಲಿ ಬೆರಳು ಬಿಚ್ಚಿಕೊಡುವುದು: ಇಷ್ಟನ್ನು ನಿಮ್ಮ ಸಾಧನ ಮಾಡಿದರೆ ಅದು ಸಣ್ಣ ಕೆಲಸವೇನಲ್ಲ. ಸೆಟೆತ ತೀವ್ರವಾಗಿದ್ದರೆ ಮಾತ್ರೆಗಳೂ ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದೂ ಇವೆ, ಅವುಗಳ ತೀರ್ಮಾನ ವೈದ್ಯರದು. ನಿಂತುಹೋಗಿರುವ ಥೆರಪಿ ಇದ್ದರೆ ಅದನ್ನು ಮತ್ತೆ ಆರಂಭಿಸುವುದು ಗ್ಲೌಸ್‌ಗಿಂತ ಮೊದಲ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರವೈಜ್ಞಾನಿಕ ಪುನಶ್ಚೇತನ ವಿಭಾಗವಿದೆ. ಒಮ್ಮೆ ಅಲ್ಲಿ ತೋರಿಸಿ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಬರೆಸಿಕೊಂಡು ಬರುವುದು ಪ್ರಯಾಣದ ಶ್ರಮಕ್ಕೆ ತಕ್ಕದ್ದು.

ಪ್ರಾಜೆಕ್ಟ್ ವಿಷಯದಲ್ಲಿ ನನ್ನ ಸಲಹೆ, ಎರಡನ್ನೂ ಬೇರ್ಪಡಿಸಿ. ನಿಟಿನಾಲ್ ತಂತಿಯ ಕೆಲಸವನ್ನು ಮರದ ಅಥವಾ ಪ್ಲಾಸ್ಟಿಕ್‌ನ ಕೈಮಾದರಿಯ ಮೇಲೆ ಮಾಡಿ. ರೂಪಾಂತರದ ವೇಳೆ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಅದನ್ನು ಅಳೆದು ಸೆನ್ಸರ್ ಇಲ್ಲದೆಯೇ ತಂತಿ ಎಷ್ಟು ಕುಗ್ಗಿದೆ ಎಂದು ಅಂದಾಜು ಮಾಡುವುದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಗಾಳಿಚೀಲದ ಕೆಲಸ ತಂದೆಯವರಿಗಾಗಿ, ಥೆರಪಿಸ್ಟ್ ಒಪ್ಪಿಗೆಯೊಂದಿಗೆ ನಡೆಯಲಿ. ಅದರ ಫಲಿತಾಂಶವನ್ನು ಪ್ರಾಜೆಕ್ಟ್ ವರದಿಗೆ ಸೇರಿಸುವುದಾದರೆ, ಅಥವಾ ಬೇರೆ ರೋಗಿಗಳ ಮೇಲೆ ಪರೀಕ್ಷಿಸುವುದಾದರೆ, ಮೊದಲೇ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ಮಾರಾಟದ ಯೋಚನೆಯಿದ್ದರೆ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಅನ್ವಯವಾಗುತ್ತದೆ.

ಥೆರಪಿಸ್ಟ್ ನೋಡಿದ ಮೇಲೆ ನಾಲ್ಕು ಅಳತೆಗಳನ್ನು ಬರೆದು ಕಳುಹಿಸಿ: ಪ್ರತಿ ಬೆರಳಿನ ಉದ್ದ, ಮುಷ್ಟಿ ಕಟ್ಟಿದಾಗ ಅಂಗೈ ಮತ್ತು ಬೆರಳುಗಳ ನಡುವೆ ಉಳಿಯುವ ಜಾಗ, ಮಣಿಕಟ್ಟು ನೇರವಿದ್ದಾಗ ಬೆರಳು ನಿಧಾನಕ್ಕೆ ಎಲ್ಲಿಯವರೆಗೆ ಬಿಚ್ಚುತ್ತದೆ, ಮತ್ತು ಅಷ್ಟು ಬಿಚ್ಚಲು ಬೆರಳ ತುದಿಯಲ್ಲಿ ಸ್ಪ್ರಿಂಗ್ ತಕ್ಕಡಿ ಎಷ್ಟು ತೋರಿಸುತ್ತದೆ. ಕೊನೆಯದನ್ನು ಥೆರಪಿಸ್ಟ್ ಎದುರಿನಲ್ಲೇ, ಬೆಳಿಗ್ಗೆ ಒಮ್ಮೆ, ನಡೆದು ಬಂದ ತಕ್ಷಣ ಇನ್ನೊಮ್ಮೆ ಅಳೆಯಿರಿ. ಈ ಅಂಕಿಗಳಿದ್ದರೆ ಚೀಲದ ಅಗಲವನ್ನೂ ರಿಲೀಫ್ ವಾಲ್ವ್ ತೆರೆಯಬೇಕಾದ ಒತ್ತಡವನ್ನೂ ಲೆಕ್ಕ ಹಾಕಲು ನಾನು ನೆರವಾಗುತ್ತೇನೆ.